ಹುಳುವಿನ ಕಡೆಯಿಂದ

ಭ್ರಮರಕೀಟ ನ್ಯಾಯವೆಂಬ ದೃಷ್ಟಾಂತವನ್ನು ಒಮ್ಮೆಯಾದರೂ ಕೇಳದ ಆಸ್ತಿಕರು ನಮ್ಮಲ್ಲಿ ವಿರಳ. ಕಣಜವೊಂದು ಎಲ್ಲಿಂದಲೋ ಹುಳುವನ್ನು ಹಿಡಿದು ತಂದು, ಮಣ್ಣಿನ ಗೂಡಿನಲ್ಲಿಟ್ಟು, ಗೂಡಿನ ಬಾಯಿಯನ್ನು ಮುಚ್ಚಿಬಿಡುತ್ತದೆ. ಒಳಗೆ ಸೆರೆಯಾದ ಹುಳು ತನ್ನನ್ನು ಕುಟುಕಿದ ಆ ಭೀಕರ ರೂಪವನ್ನೇ ಹಗಲಿರುಳೂ ನೆನೆದು, ಆ ನೆನಹಿನ ತೀವ್ರತೆಯಿಂದಲೇ ತಾನೂ ಕಣಜವಾಗಿ, ರೆಕ್ಕೆ ಬಿಚ್ಚಿ, ಗೂಡನ್ನೊಡೆದು ಹೊರಬರುತ್ತದೆ ಎಂಬುದು ಪ್ರಾಚೀನರ ಭಾವನೆ. ಭಾಗವತದ ಸಪ್ತಮ ಸ್ಕಂಧದಲ್ಲಿ ನಾರದರು ಧರ್ಮರಾಯನಿಗೆ ಈ ದೃಷ್ಟಾಂತವನ್ನು ಹೇಳಿ, ಭಯದಿಂದ ಕಂಸನೂ ದ್ವೇಷದಿಂದ ಶಿಶುಪಾಲನೂ ಭಗವಂತನನ್ನೇ ಸೇರಿದುದನ್ನು ಸಮರ್ಥಿಸುತ್ತಾರೆ. ನಮ್ಮ ಶಿವಶರಣರೂ ಕೀಡೆಯು ಕುಂಡಲಿಗನಾಗುವ ಬಗೆಯನ್ನು ತಮ್ಮ ಮಾತಿನಲ್ಲಿ ಬಳಸಿದ್ದುಂಟು. ಭಯವೂ ಒಂದು ಧ್ಯಾನವೇ, ಧ್ಯಾನಿಸಿದವನು ಧ್ಯೇಯವೇ ಆಗುವನು ಎಂಬ ಈ ಧೀರವಾದ ಸಿದ್ಧಾಂತವನ್ನು ನಾನು ಬಾಲ್ಯದಿಂದ ಗೌರವಿಸುತ್ತ ಬಂದವನು, ಈಗಲೂ ಗೌರವಿಸುತ್ತೇನೆ.

ಆದರೆ ಗೂಡಿನೊಳಗೆ ನಿಜವಾಗಿ ನಡೆಯುವುದು ಬೇರೆ. ತಾಯಿ ಕಣಜವು ಹುಳುವನ್ನು ಕೊಲ್ಲುವುದಿಲ್ಲ, ಕುಟುಕಿ ನಿಶ್ಚೇಷ್ಟಗೊಳಿಸುತ್ತದೆ. ಕಳೆದ ಶತಮಾನಕ್ಕೂ ಹಿಂದೆ ಇಂಥ ಗೂಡುಗಳ ಮುಂದೆ ಕುಳಿತು ಅಪಾರ ತಾಳ್ಮೆಯಿಂದ ನೋಡಿ ಬರೆದ ಫ್ರಾನ್ಸಿನ ಝಾನ್ ಆನ್ರಿ ಫಾಬ್ರ್ ಹೇಳುವಂತೆ, ಮಡಕೆಯಾಕಾರದ ಗೂಡು ಕಟ್ಟುವ ಕಣಜವು ತನ್ನ ಮೊಟ್ಟೆಯನ್ನು ಗೂಡಿನ ಮೇಲ್ಭಾಗದಿಂದ ಒಂದು ಎಳೆಯ ತುದಿಗೆ ತೂಗುಬಿಡುತ್ತದೆ. ಏಕೆಂದರೆ ಕೆಳಗಿರುವ ಹುಳುಗಳು ಇನ್ನೂ ಮಿಸುಕಾಡಬಲ್ಲವು, ಅವುಗಳ ಹೊರಳಾಟದಲ್ಲಿ ಮೊಟ್ಟೆ ಜಜ್ಜಿಹೋಗಬಾರದು. ಮೊಟ್ಟೆಯೊಡೆದು ಬಂದ ಮರಿ ಆ ಜೀವಂತ ಹುಳುಗಳನ್ನು ತಿಂದು ಬೆಳೆದು ಕಣಜವಾಗುತ್ತದೆ. ಹೊರಬಂದುದು ಧ್ಯಾನಿಸಿದ ಹುಳುವಲ್ಲ, ಅದನ್ನುಂಡ ಜೀವ.

ಇವುಗಳಂತೆಯೇ ಜೀವಂತ ಹುಳುಗಳನ್ನುಂಡು ಬೆಳೆಯುವ ಬೇರೊಂದು ಕುಲದ ಕಣಜಗಳನ್ನು ನೆನೆದು ಚಾರ್ಲ್ಸ್ ಡಾರ್ವಿನ್ನನು 1860ರಲ್ಲಿ ಅಮೆರಿಕದ ಸಸ್ಯಶಾಸ್ತ್ರಜ್ಞ ಏಸಾ ಗ್ರೇಗೆ ಒಂದು ಪತ್ರ ಬರೆದನು. ಜೀವಂತ ಹುಳುಗಳ ಒಡಲೊಳಗೆ ಕುಳಿತು ಉಣ್ಣಲೆಂದೇ ಇಂಥ ಪ್ರಾಣಿಗಳನ್ನು ದಯಾಮಯನೂ ಸರ್ವಶಕ್ತನೂ ಆದ ದೇವರು ಬುದ್ಧಿಪೂರ್ವಕವಾಗಿ ಸೃಷ್ಟಿಸಿದನೆಂದು ತಾನು ನಂಬಲಾರೆನೆಂಬುದು ಆ ಪತ್ರದ ಒಂದು ಮಾತಿನ ತಾತ್ಪರ್ಯ. ಮಣ್ಣಿನ ಗೂಡನ್ನು ನೋಡಿ ನಮ್ಮ ಹಿರಿಯರು ಮೋಕ್ಷದ ದಾರಿಯನ್ನು ಕಂಡರು. ಅಂಥದೇ ಕಣಜವನ್ನು ನೆನೆದು ಡಾರ್ವಿನ್ನನು ದೇವರ ದಯೆಯನ್ನೇ ಶಂಕಿಸಿದನು. ಅದೇ ಕಥೆ ಮೂರನೆಯ ಬಾರಿ ಕಾಣಿಸಿಕೊಂಡದ್ದು 1979ರಲ್ಲಿ, ರಿಡ್ಲಿ ಸ್ಕಾಟ್ ನಿರ್ದೇಶಿಸಿದ ‘ಏಲಿಯನ್’ ಎಂಬ ಚಲನಚಿತ್ರದಲ್ಲಿ.

ನಾನಿರುವ ಹೈದರಾಬಾದಿನ ಕೂಕಟ್‌ಪಲ್ಲಿ ಚಲನಚಿತ್ರಗಳ ಊರು. ಶ್ರೀಶೈಲದ ದೇವದಂಪತಿಗಳ ಹೆಸರನ್ನೇ ಹೊತ್ತ ಭ್ರಮರಾಂಬ, ಮಲ್ಲಿಕಾರ್ಜುನ ಎಂಬ ಜೋಡಿ ಥಿಯೇಟರುಗಳು ಇಲ್ಲಿವೆ. ಹೊಸ ತೆಲುಗು ಚಿತ್ರ ಬಿಡುಗಡೆಯಾದ ದಿನ ಅಲ್ಲಿಯ ಸಂಭ್ರಮಕ್ಕೂ ಜಾತ್ರೆಗೂ ಭೇದವಿಲ್ಲ. ಆದರೆ ‘ಏಲಿಯನ್’ನಂಥ ಭಯಾನಕ ಚಿತ್ರಗಳನ್ನು ನೋಡುವವರು ಬೇರೆ. ಜೆಎನ್‌ಟಿಯು ವಿಶ್ವವಿದ್ಯಾಲಯದ ಸುತ್ತಮುತ್ತಲ ಹಾಸ್ಟೆಲುಗಳಲ್ಲಿ, ಹೌಸಿಂಗ್ ಬೋರ್ಡ್ ಕಾಲೊನಿಯ ಬಾಡಿಗೆ ಕೋಣೆಗಳಲ್ಲಿ, ಬೀದರ, ಕಲಬುರಗಿ, ರಾಯಚೂರುಗಳಿಂದ ಓದಿಗೂ ಉದ್ಯೋಗಕ್ಕೂ ಬಂದಿರುವ ನಮ್ಮ ಹುಡುಗರು, ತಾವು ಹುಟ್ಟುವುದಕ್ಕೂ ಎಷ್ಟೋ ವರ್ಷ ಮೊದಲು ತಯಾರಾದ ಆ ಚಿತ್ರಗಳನ್ನು ರಾತ್ರಿ ಲ್ಯಾಪ್‌ಟಾಪಿನಲ್ಲಿ ನೋಡಿ, ಬೆಳಗ್ಗೆ ಅವುಗಳನ್ನೇ ಚರ್ಚಿಸುತ್ತಾರೆ. ನಮ್ಮ ಮನೆಯ ಮೇಲಿನ ಕೋಣೆಯಲ್ಲಿರುವ ಕಲಬುರಗಿಯ ಯುವಕನೊಬ್ಬನಿಗೆ, ಬಣ್ಣ ಬಳಿಯುವವರು ಕಿಟಕಿಯ ಚೌಕಟ್ಟಿನಿಂದ ಕೆರೆದು ಕೆಡವಿದ ಕಣಜದ ಗೂಡನ್ನು ತೋರಿಸಿ ನಾನು ಭ್ರಮರಕೀಟ ನ್ಯಾಯವನ್ನು ವಿವರಿಸಿದೆನು. ಗೂಡು ಎರಡು ಹೋಳಾಗಿತ್ತು. ಒಳಗೆ ಒತ್ತೊತ್ತಾಗಿ ಸುರುಳಿಗೊಂಡ ಹಸಿರು ಹುಳುಗಳಿದ್ದವು. ಪೊರಕೆಕಡ್ಡಿಯಿಂದ ಮೆಲ್ಲಗೆ ಮುಟ್ಟಿದರೆ ಅವುಗಳಲ್ಲೊಂದು ನಡುಭಾಗವನ್ನು ಕಷ್ಟದಿಂದ ಕೊಂಕಿಸಿ ಮತ್ತೆ ಸುಮ್ಮನಾಯಿತು. ಯುವಕನು ಬಹಳ ಹೊತ್ತು ನೋಡಿ ಹೇಳಿದನು: “ಖರೆ ಅದ ಕಾಕಾ, ಹೊರಗ ಬರೋದು ಕಣಜ. ಆದ್ರ ಈ ಹುಳ ಎಲ್ಲಿ ಹೋಯ್ತ್ರಿ?”

ಈ ಪ್ರಶ್ನೆಗೆ ನಾನು ಎಷ್ಟು ಹಗುರವಾಗಿ ಉತ್ತರಿಸಲೆಳಸಿದರೂ ಅದು ಹಗುರವಾಗಲಿಲ್ಲ. ಈ ಪ್ರಕಾರದ ಶ್ರೇಷ್ಠ ಚಿತ್ರಗಳು ಅಳಿಯದೆ ಉಳಿದಿರುವುದಕ್ಕೆ ಕಾರಣ ಅವು ಈ ಪ್ರಶ್ನೆಯನ್ನು ಬಿಡದೆ ಹಿಡಿದಿರುವುದೇ ಎಂದು ನನ್ನ ನಂಬಿಕೆ. ‘ಏಲಿಯನ್’ ಚಿತ್ರದಲ್ಲಿ ಅಂತರಿಕ್ಷದ ಸರಕುನೌಕೆಯೊಂದರ ಏಳು ಮಂದಿ ನೌಕರರು ಒಂದು ಅಪರಿಚಿತ ಲೋಕದಲ್ಲಿಳಿಯುತ್ತಾರೆ. ಅವರಲ್ಲೊಬ್ಬನ ಮುಖಕ್ಕೆ ಒಂದು ಜೀವಿ ಕಚ್ಚಿಕೊಂಡು, ಅವನೊಡಲಲ್ಲಿ ತನ್ನ ಸಂತಾನವನ್ನಿಟ್ಟು, ತಾನು ಸತ್ತುಬೀಳುತ್ತದೆ. ಎಲ್ಲವೂ ಸರಿಹೋಯಿತೆಂದು ಅವರು ಊಟಕ್ಕೆ ಕುಳಿತು, ನಗುತ್ತ, ಅನ್ನಪಾನಗಳ ಸುಖದಲ್ಲಿರುವಾಗ, ಅವನು ಕೆಮ್ಮುತ್ತಾನೆ, ಮೇಜಿನ ಮೇಲೆ ಅಂಗಾತ ಬೀಳುತ್ತಾನೆ, ಬಿಳಿಯ ಅಂಗಿಯ ಮೇಲೆ ರಕ್ತ ಮೂಡುತ್ತದೆ. ಆಮೇಲೆ ಎದೆಗೂಡನ್ನೊಡೆದುಕೊಂಡು ಆ ಮರಿ ಹೊರಬರುತ್ತದೆ. ಸುತ್ತ ನಿಂತವರು ಅಲುಗಾಡದೆ ನೋಡುತ್ತಾರೆ. ಇಲ್ಲಿ ಕ್ಯಾಮೆರಾ ಗೂಡಿನ ಹೊರಗಿಲ್ಲ. ದೃಷ್ಟಾಂತ ಹೇಳುವ ಪೌರಾಣಿಕನು ಹೊರಬಂದ ರೆಕ್ಕೆಯ ಕಡೆ ನಿಂತಿದ್ದಾನೆ, ಕೀಟಶಾಸ್ತ್ರಜ್ಞನು ಭೂತಗನ್ನಡಿಯ ಹಿಂದಿದ್ದಾನೆ. ಹುಳುವಿನ ಕಡೆಯಿಂದ ಈ ಕಥೆಯನ್ನು ನೋಡಹೊರಟದ್ದು ಈ ಚಿತ್ರ.

ನಮ್ಮ ದೆವ್ವದ ಕಥೆಗಳಿಗೂ ಇಂಥ ಚಿತ್ರಗಳಿಗೂ ಇರುವ ಅಂತರ ಇಲ್ಲಿಯೇ ಇದೆ. 1979ರಲ್ಲಿಯೇ ಬಂದ ‘ನಾ ನಿನ್ನ ಬಿಡಲಾರೆ’ಯಿಂದ ಹಿಡಿದು 2004ರ ‘ಆಪ್ತಮಿತ್ರ’ದವರೆಗೆ ಕನ್ನಡದ ಪ್ರೇಕ್ಷಕನು ಬೆಚ್ಚಿಬಿದ್ದ ಪ್ರತಿಯೊಂದು ಬಾಧೆಗೂ ಒಂದು ಹೆಸರುಂಟು, ಒಂದು ಪೂರ್ವಕಥೆಯುಂಟು, ತೀರದ ಒಂದು ಆಸೆಯೋ ಸೇಡೋ ಉಂಟು. ನಮ್ಮ ರಾಕ್ಷಸರಿಗೂ ಹಾಗೆಯೇ: ರಾವಣ ಕುಂಭಕರ್ಣರು ಶಾಪಗ್ರಸ್ತರಾದ ವೈಕುಂಠದ ದ್ವಾರಪಾಲಕರು. ಕರ್ಮಸಿದ್ಧಾಂತದ ಔದಾರ್ಯ ಇದು. ಅಕಾರಣವಾದ ದುಷ್ಟತೆಯನ್ನು ಅದು ಒಪ್ಪುವುದೇ ಇಲ್ಲ. ಆ ಅಂತರಿಕ್ಷಜೀವಿಗಾದರೋ ಶಾಪವೂ ಇಲ್ಲ, ಸೇಡೂ ಇಲ್ಲ, ಶಾಂತಿ ಹೋಮಕ್ಕೆ ಅದು ಒಲಿಯುವುದೂ ಇಲ್ಲ. ಮನುಷ್ಯರೂಪದ ಯಂತ್ರವೊಂದು ಆ ಜೀವಿಯ ಪರಿಶುದ್ಧತೆಯನ್ನು, ಅಂದರೆ ಅಂತಃಸಾಕ್ಷಿ, ಪಶ್ಚಾತ್ತಾಪ, ಧರ್ಮವಿಚಾರ ಇವಾವುದರ ಕಲೆಯೂ ಅದಕ್ಕಿಲ್ಲದಿರುವುದನ್ನು ಮೆಚ್ಚಿ ನುಡಿಯುವ ಪ್ರಸಂಗ ಚಿತ್ರದಲ್ಲಿದೆ. ನೌಕೆಯ ಒಡೆಯರಾದ ಕಂಪನಿಯವರ ಆಜ್ಞೆಯೂ ಅದೇ ಬಗೆಯದು: ಜೀವಿಯನ್ನು ತನ್ನಿ, ನೌಕರರು ಹೋದರೆ ಹೋಗಲಿ. ಧರ್ಮಶೂನ್ಯತೆಗೆ ಸ್ತೋತ್ರ ಹಾಡುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದ ಆ ಚಿತ್ರಕಥೆಗಾರರನ್ನು ಯಾವ ಮೀಮಾಂಸಕನೂ ತನ್ನ ಸಮಾನಸ್ಕಂಧರೆಂದು ಪರಿಗಣಿಸಬಹುದು.

ಉಳಿದ ಚಿತ್ರಗಳನ್ನು ಸಂಕ್ಷೇಪವಾಗಿ ಹೇಳಬಹುದು. ಡೇವಿಡ್ ಕ್ರೋನೆನ್‌ಬರ್ಗನ ‘ದಿ ಫ್ಲೈ’ (1986) ಚಿತ್ರದಲ್ಲಿ ವಿಜ್ಞಾನಿಯೊಬ್ಬನ ದೇಹದೊಡನೆ ನೊಣವೊಂದರ ದೇಹ ಬೆರೆತು, ಅವನು ದಿನದಿನಕ್ಕೆ ಕೀಟವಾಗುತ್ತ ಹೋಗುತ್ತಾನೆ. ತನ್ನೊಳಗಿನ ಕರುಣೆ ಎಂದು ಆರಿಹೋಗುವುದೋ ಎಂಬುದೇ ಅವನ ಕೊನೆಯ ಭಯ. ಜಾನ್ ಕಾರ್ಪೆಂಟರನ ‘ದಿ ಥಿಂಗ್’ (1982) ಬಿಡುಗಡೆಯಾದಾಗ ಸೋತು, ಅನಂತರ ಪೂಜ್ಯವಾದ ಕೃತಿ. ಅಂಟಾರ್ಕ್ಟಿಕದ ಹಿಮದಲ್ಲಿ ಸಿಕ್ಕಿಕೊಂಡವರ ನಡುವೆ ಯಾರ ರೂಪವನ್ನಾದರೂ ಧರಿಸಬಲ್ಲ ಒಂದು ಜೀವಿ ಸೇರಿಕೊಂಡಿದೆ. ಅವರು ಒಬ್ಬೊಬ್ಬರ ರಕ್ತವನ್ನೂ ತಟ್ಟೆಯಲ್ಲಿಟ್ಟು ಕಾದ ತಂತಿಯಿಂದ ಮುಟ್ಟಿ ಪರೀಕ್ಷಿಸುವಾಗ, ಒಂದು ರಕ್ತ ಮಾತ್ರ ಬೇರೊಂದು ಪ್ರಾಣಿಯಂತೆ ಚೀರಿ ಚಿಮ್ಮುತ್ತದೆ. ದೇವೀಮಾಹಾತ್ಮ್ಯದ ರಕ್ತಬೀಜನನ್ನು ಬಲ್ಲ ನಮ್ಮವರಿಗೆ ಆ ತಟ್ಟೆ ಅಪರಿಚಿತವೆನಿಸದು. ಆದರೆ ಇಲ್ಲಿ ನಾಲಗೆ ಚಾಚುವ ಕಾಳಿಯಿಲ್ಲ.

ಹುಳುವಿನ ಕಡೆಗೆ ನಿಂತು ಕಥೆ ಹೇಳುವುದು ಕನ್ನಡಕ್ಕೆ ಹೊಸದೇ ಎಂದರೆ, ಅಲ್ಲ. ಹದಿಮೂರನೆಯ ಶತಮಾನದ ಆದಿಯಲ್ಲಿಯೇ ಜನ್ನನು ‘ಯಶೋಧರ ಚರಿತೆ’ಯಲ್ಲಿ ಆ ಕೆಲಸವನ್ನು ಮಾಡಿದ್ದಾನೆ. ಹಿಟ್ಟಿನ ಕೋಳಿಯೊಂದನ್ನು ಬಲಿಗೊಟ್ಟ ಸಂಕಲ್ಪಹಿಂಸೆಯ ಫಲವಾಗಿ ಅರಸನೂ ಅವನ ತಾಯಿಯೂ ನವಿಲಾಗಿ ನಾಯಾಗಿ, ಮೀನಾಗಿ ಮೊಸಳೆಯಾಗಿ, ಆಡಾಗಿ ಹುಟ್ಟಿಹುಟ್ಟಿ, ತಮ್ಮದೇ ಅರಮನೆಯಲ್ಲಿ, ತಮ್ಮದೇ ಶ್ರಾದ್ಧದ ಅಡುಗೆಗೆ ಮಾಂಸವಾಗುತ್ತಾರೆ. ತಿನ್ನುವವನು ತನ್ನ ಮಗನೇ ಎಂದು ಅರಿತೂ ಹೇಳಲಾಗದೆ ಬೇಯುವ ಆ ಜೀವದ ಸಂಕಟಕ್ಕೆ ಸಮನಾದ ಭೀಕರವನ್ನು ನಾನು ಯಾವ ತೆರೆಯ ಮೇಲೂ ಕಂಡಿಲ್ಲ. ಜೈನಕವಿಗೆ ಅದಕ್ಕೊಂದು ಕಾರಣ ದೊರೆಯಿತು, ಬಿಡುಗಡೆಯೂ ದೊರೆಯಿತು. ನಮ್ಮ ಕಿಟಕಿಯ ಗೂಡಿನಲ್ಲಿ ಮಿಸುಕಿದ ಹಸಿರು ಹುಳುವಿಗೆ ಯಾವ ಹಿಟ್ಟಿನ ಕೋಳಿಯ ಕಾರಣವನ್ನು ಹೇಳೋಣ? ಪೂರ್ವಜನ್ಮವೆಂದು ಹೇಳಿ ಮುಗಿಸುವುದು ಶಾಸ್ತ್ರಸಮ್ಮತವೇ. ಆದರೆ ನೋವನ್ನು ಇನ್ನೂ ನೋಡುತ್ತಿರುವಾಗಲೇ ಹಾಗೆ ಹೇಳಿಬಿಟ್ಟರೆ ಆ ಉತ್ತರದಲ್ಲಿ ಕರುಣೆ ಉಳಿಯದು. ಭಯವೂ ಧ್ಯಾನವೆಂಬ ನಾರದರ ಮಾತನ್ನು ನಾನು ಈ ಚಿತ್ರಗಳಿಗೆ ಅನ್ವಯಿಸುವುದು ಹೀಗೆ: ಕತ್ತಲಲ್ಲಿ ಕುಳಿತು ಎರಡು ಗಂಟೆಗಳ ಕಾಲ ಭಯದಿಂದ ಧ್ಯಾನಿಸಿದ ಪ್ರೇಕ್ಷಕನು ಕಣಜವಾಗುವುದಿಲ್ಲ, ಕಿಂಚಿತ್ತಾದರೂ ಹುಳುವಾಗುತ್ತಾನೆ. ಆ ಯುವಕನಿಗೆ ಆ ಪ್ರಶ್ನೆ ಹೊಳೆದದ್ದು ಹಾಗೆ ಆಗಿದ್ದುದರಿಂದಲೇ.

‘ಏಲಿಯನ್’ ಚಿತ್ರದ ಕೊನೆಯಲ್ಲಿ ಇನ್ನೊಂದು ಸಂಗತಿಯಿದೆ. ಉಳಿದವರೆಲ್ಲರೂ ಸತ್ತ ಮೇಲೆ, ನೌಕೆ ಸ್ಫೋಟಗೊಳ್ಳಲು ಕೆಲವೇ ನಿಮಿಷಗಳು ಉಳಿದಿರುವಾಗ, ಆ ನೌಕರರಲ್ಲೊಬ್ಬಳಾದ ರಿಪ್ಲಿ ಎಂಬ ಸ್ತ್ರೀ ನೌಕೆಯ ಬೆಕ್ಕನ್ನು ಬಿಟ್ಟುಹೋಗಲು ಒಪ್ಪದೆ, ಅದರ ಪೆಟ್ಟಿಗೆಯನ್ನು ಹೊತ್ತುಕೊಂಡೇ ಪಾರಾಗುತ್ತಾಳೆ. ಅದರಿಂದ ಅವಳಿಗೆ ಲಾಭವಿಲ್ಲ, ಅವಳನ್ನು ಮೆಚ್ಚಿಕೊಳ್ಳಲು ಅಲ್ಲಿ ಯಾವ ದೇವತೆಯೂ ಇಲ್ಲ. ಬೆಕ್ಕು ಕಡೆಯವರೆಗೂ ಬೆಕ್ಕೇ. ಇದನ್ನು ಕೇಳಿದ ವೃದ್ಧ ಮಿತ್ರರೊಬ್ಬರು, ಮಹಾಪ್ರಸ್ಥಾನದಲ್ಲಿ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬಾರೆನೆಂದ ಯುಧಿಷ್ಠಿರನ ಮುಂದೆ ಇದು ಯಾವ ದೊಡ್ಡ ಮಾತು, ಆ ನಾಯಿ ಸಾಕ್ಷಾತ್ ಧರ್ಮದೇವತೆಯಲ್ಲವೇ ಎಂದರು. ಅಹುದು, ಆದರೆ ರಥವನ್ನೇರೆಂದು ಕರೆದ ಇಂದ್ರನಿಗೆ ಇಲ್ಲವೆನ್ನುವಾಗ ಯುಧಿಷ್ಠಿರನಿಗೂ ಅದು ತಿಳಿದಿರಲಿಲ್ಲ.