ಮೊಣಕಾಲ ನಡುವೆ ಮುಖ

ಹಿಂಗಾರಿ ಜೋಳ ನನಗೆ ಇವತ್ತಿಗೂ ಬಗೆಹರಿಯದ ಬೆರಗು. ವಿಜಯಪುರದಿಂದ ಭೂತನಾಳ ದಾಟಿ ತಿಕೋಟಾ ಕಡೆ ಹೋಗಲಿ, ಡೋಣಿ ನದಿಯ ದಂಡೆ ಹಿಡಿದು ಬಬಲೇಶ್ವರದ ಸೀಮೆಗೆ ಹೋಗಲಿ, ಎರೆಹೊಲ ಸಿಕ್ಕಲ್ಲೆಲ್ಲ ಅದೇ ಕಥೆ. ಸೆಪ್ಟೆಂಬರ್ ಕೊನೆಗೋ ಅಕ್ಟೋಬರಿಗೋ ಕೂರಿಗೆ ಹೂಡುತ್ತಾರೆ. ಆಮೇಲೆ ಮುಗಿಲು ಬರಿದಾಗುತ್ತದೆ. ಒಂದು ಹದಮಳೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹಾಗಿದ್ದೂ ಸಂಕ್ರಾಂತಿ ಹೊತ್ತಿಗೆ ಆಳೆತ್ತರದ ದಂಟು ನಿಂತಿರುತ್ತದೆ, ತೆನೆಯಲ್ಲಿ ಹಾಲುಗಾಳು ತುಂಬಿರುತ್ತದೆ, ಹೊಲದ ಬದುವಿನಲ್ಲಿ ಸೀತನಿ ಸುಡುವ ಹೊಗೆ ಏಳುತ್ತದೆ.

ಕಾರಣ ಗೊತ್ತಿಲ್ಲ ಎಂದೇನಲ್ಲ. ಎರೆಮಣ್ಣು ಮುಂಗಾರಿನ ನೀರನ್ನು ಹೀರಿ ಆಳದಲ್ಲಿ ಹಿಡಿದಿಟ್ಟಿರುತ್ತದೆ. ಜೋಳದ ಬೇರು ನಾಲ್ಕೈದು ಅಡಿ ಇಳಿದು ಅದನ್ನು ಹುಡುಕಿಕೊಳ್ಳುತ್ತದೆ. ಬಿಸಿಲು ಜೋರಾದರೆ ಎಲೆ ಸುರುಳಿ ಸುತ್ತಿಕೊಂಡು ತನ್ನ ತೇವ ಕಾಯ್ದುಕೊಳ್ಳುತ್ತದೆ. ಮೇಲೆ ನೆಲ ಕೈ ಇಳಿಯುವಷ್ಟು ಬಿರುಕು ಬಿಟ್ಟಿದ್ದರೂ ಕೆಳಗೆ ಹಸಿ ಇದ್ದೇ ಇರುತ್ತದೆ. ಇಷ್ಟೆಲ್ಲ ತಿಳಿದ ಮೇಲೂ ಬೆರಗು ಗುಂಜಿಯಷ್ಟೂ ಇಳಿದಿಲ್ಲ.

ಯೇಸು ಹೇಳಿದ ಒಂದು ಚಿಕ್ಕ ಸಾಮ್ಯ ಮಾರ್ಕನ ಸುವಾರ್ತೆಯಲ್ಲಿ ಮಾತ್ರ ಸಿಗುತ್ತದೆ. ಒಬ್ಬ ಬೀಜ ಬಿತ್ತುತ್ತಾನೆ. ರಾತ್ರಿ ಮಲಗುತ್ತಾನೆ, ಹಗಲು ಏಳುತ್ತಾನೆ. ಬೀಜ ಮೊಳೆತು ಬೆಳೆಯುತ್ತದೆ. ಹೇಗೆ ಎಂದು ಅವನಿಗೇ ತಿಳಿಯದು. ಈ ರೈತನ ನಿದ್ದೆ ನನಗೆ ಬಹಳ ಇಷ್ಟ. ಮಾಡಬೇಕಾದ್ದನ್ನು ಮಾಡಿ, ಉಳಿದದ್ದು ತನ್ನ ಕೈಯಲ್ಲಿಲ್ಲ ಎಂದು ಒಪ್ಪಿ ಮಲಗುವುದಕ್ಕೆ ದೊಡ್ಡ ವಿನಯ ಬೇಕು. ನಮ್ಮಲ್ಲಿ ಬಹಳ ಮಂದಿಗೆ ಬಿತ್ತಲು ಬರುತ್ತದೆ, ಹಾಗೆ ಮಲಗಲು ಬರುವುದಿಲ್ಲ.

ವಿಜಯಪುರದಲ್ಲಿ ಬೆಳೆದವರಿಗೆ ನೀರೂ ಹೀಗೆಯೇ ಪಾಠ ಹೇಳುತ್ತದೆ. ಆದಿಲ್‌ಶಾಹಿಗಳು ತೊರವಿಯಿಂದ ನೆಲದೊಳಗೆ ಕಾಲುವೆ ಕೊರೆಸಿ ಊರಿಗೆ ನೀರು ತಂದರು, 1651ರಲ್ಲಿ ಬೇಗಂ ತಲಾಬ್ ಕಟ್ಟಿಸಿದರು. ಮುಂದೆ ಭೂತನಾಳ ಕೆರೆ ಊರಿನ ದಾಹ ತೀರಿಸಿತು. ಆಮೇಲೆ ಕೊಲ್ಹಾರದಿಂದ ಕೃಷ್ಣೆ ಬಂದಳು. ನಮ್ಮ ಓಣಿಯಲ್ಲಿ "ನಳ ಬಂತ್ರೀ" ಎಂಬ ಕೂಗೆದ್ದರೆ ಸಾಕು, ಕೊಡ, ಬಕೆಟ್ಟು, ಹಂಡೆ ಎಲ್ಲ ಹೊರಗೆ ಬರುತ್ತಿದ್ದವು. ನಮ್ಮ ಆಯಿ ಮೊದಲ ಕೊಡ ತುಂಬುವವರೆಗೆ ಯಾರೊಡನೆಯೂ ಮಾತಾಡುತ್ತಿರಲಿಲ್ಲ. ತುಂಬಿದ ಕೊಡದ ಬಾಯಿಗೆ ಅಂಗೈ ಇಟ್ಟು, "ಸ್ವಾಮಿ, ಎಲ್ಲಿ ಮಳಿನೋ ಏನೋ, ನಮ್ಮ ಕೊಡಾ ತುಂಬ್ತು. ನಿನಗ ಸ್ತೋತ್ರ" ಅನ್ನುತ್ತಿದ್ದಳು. ಅಷ್ಟೇ ಪ್ರಾರ್ಥನೆ. ಮುಂದಿನ ಕೊಡ ನಳದ ಕೆಳಗೆ ಹೋಗುತ್ತಿತ್ತು.

ಮಹಾಬಳೇಶ್ವರದ ಘಟ್ಟದ ಮೇಲೆ ಬಿದ್ದ ಮಳೆ ಸಾಂಗ್ಲಿ ದಾಟಿ, ಆಲಮಟ್ಟಿಯ ಹಿನ್ನೀರಾಗಿ ಕೊಲ್ಹಾರದಲ್ಲಿ ನಿಲ್ಲುತ್ತದೆ. ಆಯಿ ಈ ನಕಾಶೆ ನೋಡಿದವಳಲ್ಲ. ತನ್ನ ಕೊಡದ ನೀರು ತನ್ನ ಮುಗಿಲಿಂದ ಇಳಿದದ್ದಲ್ಲ ಎಂಬುದು ಮಾತ್ರ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕೃತಜ್ಞತೆ ಎಂದರೆ ಇಷ್ಟು ತಿಳಿದಿರುವುದೇ ಎಂದು ನನಗೆ ಅನ್ನಿಸುತ್ತದೆ.

ಬೇಗಂ ತಲಾಬ್ ಕಟ್ಟಿದ ಕಾಲದ ಆಸುಪಾಸಿನಲ್ಲೇ ಪ್ಯಾರಿಸಿನ ಒಂದು ಕಾರ್ಮೆಲೈಟ್ ಮಠದ ಅಡುಗೆಮನೆಯಲ್ಲಿ ಬ್ರದರ್ ಲಾರೆನ್ಸ್ ಎಂಬವನಿದ್ದ. ದೊಡ್ಡ ಓದು ಇರಲಿಲ್ಲ, ಗುರುಪಟ್ಟವೂ ಇರಲಿಲ್ಲ. ಪಾತ್ರೆಗಳ ಸದ್ದಿನ ನಡುವೆ ದೇವರ ಸನ್ನಿಧಿಯಲ್ಲಿರುವುದನ್ನು ಅವನು ರೂಢಿ ಮಾಡಿಕೊಂಡ. ಆಯಿ ಅವನ ಹೆಸರು ಕೇಳಿರಲಿಲ್ಲ. ಆದರೆ ಇಬ್ಬರೂ ಎದುರಾಗಿದ್ದರೆ ಒಬ್ಬರಿಗೊಬ್ಬರು ಬೇಗ ಅರ್ಥವಾಗುತ್ತಿದ್ದರು.

ಅವನ ಮಠಕ್ಕೆ ಕಾರ್ಮೆಲೈಟ್ ಎಂಬ ಹೆಸರು ಬಂದದ್ದು ಕರ್ಮೆಲ್ ಬೆಟ್ಟದಿಂದ. ಎಲೀಯ ಪ್ರವಾದಿ ಮಳೆಗಾಗಿ ಬೇಡಿಕೊಂಡ ಬೆಟ್ಟ ಅದು. ವರ್ಷಗಟ್ಟಲೆ ಬರ ಬಿದ್ದ ನಾಡು. ಎಲೀಯ ತುದಿಗೆ ಹತ್ತಿ, ನೆಲಕ್ಕೆ ಬಾಗಿ, ಮೊಣಕಾಲ ನಡುವೆ ಮುಖ ಇಟ್ಟುಕೊಂಡ. ಸಮುದ್ರದ ಕಡೆ ನೋಡಿ ಬಾ ಎಂದು ಸೇವಕನನ್ನು ಕಳಿಸಿದ. ಏನೂ ಇಲ್ಲ ಎಂದು ಅವನು ಮರಳಿದ. ಮತ್ತೆ ಕಳಿಸಿದ. ಏಳನೆಯ ಸಲ ಅಂಗೈ ಅಗಲದ ಮೋಡವೊಂದು ಏಳುತ್ತಿತ್ತು.

ಈ ಕಥೆಯನ್ನು ಎಷ್ಟು ಸಲ ಓದಿದರೂ ನನ್ನ ಗಮನ ಒಂದೇ ಕಡೆ ಹೋಗುತ್ತದೆ. ಮೋಡ ಮೊದಲು ಕಂಡದ್ದು ಪ್ರವಾದಿಗಲ್ಲ, ಸೇವಕನಿಗೆ. ಬೇಡುತ್ತಿದ್ದವನ ಕಣ್ಣಿಗೆ ಅವನ ಮೊಣಕಾಲು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ದೇವರಿಗೆ ಗಟ್ಟಿ ದನಿಯಲ್ಲಿ ಸುದ್ದಿ ಹೇಳಿದಂತೆ ಪ್ರಾರ್ಥಿಸುವುದನ್ನು ಕೇಳಿದಾಗೆಲ್ಲ ನನಗೆ ಈ ಬಾಗಿದ ಬೆನ್ನು ನೆನಪಾಗುತ್ತದೆ.

ಮೋಡ ಏಳದ ವರ್ಷಗಳೂ ಇವೆ. ಅದನ್ನು ಬಿಟ್ಟು ಈ ಮಾತು ಆಡಿದರೆ ಸುಳ್ಳಾಡಿದಂತೆ. 1876–78ರ ಬರ ಈ ಸೀಮೆಯನ್ನು ಹಿಂಡಿ ಹಾಕಿತು. ಹಳ್ಳಿಗೆ ಹಳ್ಳಿ ಗುಳೆ ಹೋಯಿತು, ಹಸಿದು ಸತ್ತವರಿಗೆ ಲೆಕ್ಕವಿಲ್ಲ. ಅವರಲ್ಲಿ ತಮ್ಮ ತಮ್ಮ ದೇವರನ್ನು ಬೇಡಿಕೊಳ್ಳದವರು ಯಾರಿದ್ದರು? ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ನಮಗೆ ಮಳೆ ಬಂತೆಂದು ಸ್ತೋತ್ರ ಹೇಳುವಾಗ ಆ ಸತ್ತವರ ಮೇಲೆ ತಪ್ಪು ಹೊರಿಸುವ ಒಂದು ಮಾತೂ ಬಾಯಿಂದ ಬರಬಾರದು. ಇಷ್ಟು ಎಚ್ಚರ ಮಾತ್ರ ನನಗೆ ದಕ್ಕಿದೆ. ಆಯಿಯ ಊಟದ ಪ್ರಾರ್ಥನೆ ಯಾವಾಗಲೂ ಉಣ್ಣಲು ಇಲ್ಲದವರ ಹತ್ತಿರ ಬಂದು ನಿಲ್ಲುತ್ತಿತ್ತು. ಅದಾದ ಮೇಲೆಯೇ ರೊಟ್ಟಿ ಮುರಿಯಬೇಕು.

ಆ ಬರದ ನೆನಪು ಆರುವ ಮುಂಚೆ, 1885ರಲ್ಲಿ, ಬಾಸೆಲ್ ಮಿಷನ್ನಿನವರು ವಿಜಯಪುರದಲ್ಲಿ ನೆಲೆ ಮಾಡಿದರು. ಗುಳೇದಗುಡ್ಡಕ್ಕೆ ಅವರು 1851ರಲ್ಲೇ ಬಂದಿದ್ದರು. ಅವರು ಕಟ್ಟಿದ ಸಭೆಗಳಲ್ಲಿ ಇವತ್ತಿಗೂ ನನಗೆ ಬಲು ಪ್ರಿಯವಾದದ್ದು ಸುಗ್ಗಿ ಹಬ್ಬ. ಆ ಭಾನುವಾರ ದೇವಾಲಯದಲ್ಲಿ ಜೋಳದ ಚೀಲ, ಕಡಲೆ ಗಿಡ, ಬದನೆಕಾಯಿ, ತತ್ತಿ, ಕಾಲು ಕಟ್ಟಿದ ಕೋಳಿ ಎಲ್ಲ ಬಂದು ಕೂಡುತ್ತವೆ. ಆರಾಧನೆ ಮುಗಿದ ಕೂಡಲೇ ಅಂಗಳದಲ್ಲಿ ಸವಾಲು ಶುರುವಾಗುತ್ತದೆ. ಸಂತೆಯಲ್ಲಿ ಅಗ್ಗಕ್ಕೆ ಸಿಗುವ ಕುಂಬಳಕಾಯಿ ಇಲ್ಲಿ ನೂರು ರೂಪಾಯಿ ದಾಟುತ್ತದೆ. ಒಬ್ಬ ಮುದುಕಿ ತಾನೇ ತಂದಿಟ್ಟ ಕುಂಬಳಕಾಯಿಗೆ ತಾನೇ ಕೂಗುತ್ತಾಳೆ. "ಯಕ್ಕಾ, ಅದು ನಿಂದೇ ಅಲ್ಲ?" ಎಂದು ಹುಡುಗರು ನಗುತ್ತಾರೆ. "ಮುಂಜಾನಿ ನಂದಿತ್ತು. ಈಗ ಸ್ವಾಮೀದು, ರೊಕ್ಕಾ ಕೊಟ್ಟ ಒಯ್ಯಬೇಕು" ಎಂದು ಅವಳು ಸೆರಗಿನ ಗಂಟು ಬಿಚ್ಚಿ, ಇನ್ನೂ ಹತ್ತು ರೂಪಾಯಿ ಏರಿಸಿ ಕೂಗುತ್ತಾಳೆ.