ಬೆರಳಿನಿಂದ ಮೊದಲಾಗುವ ಕಾಲುಚೀಲ

ಶಿಖರದಿಂದ ಕೆಳಗಿಳಿಯುತ್ತ ಗುಡಿ ಕಟ್ಟಿದವರುಂಟೆ? ಎಲ್ಲೋರದ ಕೈಲಾಸವನ್ನು ನೆತ್ತಿಯಿಂದ ಕೆಳಕ್ಕೆ ಕಡೆದರೆಂಬುದು ದಿಟ; ಆದರೆ ಅದು ಕಡೆದ ಗುಡಿ, ಕಟ್ಟಿದುದಲ್ಲ. ಕಾಲುಚೀಲದ ಹೆಣಿಗೆಯಲ್ಲಿಯಾದರೋ ಎರಡು ಮಾರ್ಗಗಳೂ ಸಲ್ಲುತ್ತವೆ. ಮೇಲಂಚಿನಿಂದ ಇಳಿದು ಬೆರಳಿನಲ್ಲಿ ಮುಗಿಸುವುದು ಒಂದು. ಬೆರಳ ತುದಿಯಲ್ಲಿ ಮೊದಲಾಗಿ ಕಣಕಾಲಿನತ್ತ ಏರುವುದು ಇನ್ನೊಂದು. ಈಜಿಪ್ಟಿನಲ್ಲಿ ದೊರೆತ ಮಧ್ಯಯುಗದ ನೀಲಿ-ಬಿಳಿ ಹತ್ತಿನೂಲಿನ ಕಾಲುಚೀಲಗಳು ಎರಡನೆಯ ಮಾರ್ಗದವು.

ಬಹುಕಾಲ ಮಧುಮೇಹದಿಂದ ಬಳಲಿದ ತಂದೆಗಾಗಿ ಮಗಳು ಈ ಕೆಲಸಕ್ಕೆ ಕುಳಿತಿರುವಳೆಂದು ಭಾವಿಸಿರಿ. ಸ್ಪರ್ಶಜ್ಞಾನ ಕುಂದಿದ ಪಾದಕ್ಕೆ ಒಂದು ಗಂಟಿನ ಒತ್ತಡವೂ ತಿಳಿಯದು, ತಿಳಿಯುವಷ್ಟರಲ್ಲಿ ಹುಣ್ಣಾಗಿರುತ್ತದೆ. ಆದುದರಿಂದ ಇಲ್ಲಿ ಕೈಯ ಕಾಯಕದೊಡನೆ ಕಣ್ಣಿನ ಎಚ್ಚರವೂ ಬೇಕು.

ಎರಡು ಕಡ್ಡಿಗಳನ್ನು ಜೊತೆಗೂಡಿಸಿ, ನೂಲನ್ನು ಸುತ್ತಿ, ತಲಾ 10ರಂತೆ 20 ಕುಣಿಕೆಗಳನ್ನು ಏರಿಸಬೇಕು. ಜೂಡಿ ಬೆಕರ್ ಎಂಬಾಕೆ 2006ರಲ್ಲಿ ಪ್ರಕಟಿಸಿದ ಈ ಕ್ರಮದಲ್ಲಿ ಬೆರಳ ತುದಿಗೆ ಹೊಲಿಗೆಯ ಉಬ್ಬೇ ಬರುವುದಿಲ್ಲ. ಬಳಿಕ ಒಂದು ಸುತ್ತು ಬಿಟ್ಟು ಒಂದು ಸುತ್ತಿನಲ್ಲಿ 4 ಕುಣಿಕೆಗಳನ್ನು ಕೂಡಿಸುತ್ತ ಹೋದರೆ, 22 ಸುತ್ತುಗಳಲ್ಲಿ 64 ಆಗುತ್ತವೆ. ಮೇಲ್ಭಾಗದ 32ರಲ್ಲಿ ಎರಡು ನೇರ, ಎರಡು ಉಲ್ಟಾ. ಎರಡು ಸುತ್ತಿಗೊಮ್ಮೆ ಅವುಗಳ ಸ್ಥಾನಪಲ್ಲಟ. ಚಾಪೆಯ ನೆಯ್ಗೆಯಂತೆ ಪುಟ್ಟ ಚೌಕಗಳು ಎದ್ದು ಕಾಣುವುವು. ಅಂದಕ್ಕೆ ಮನಸೋತು ಅದನ್ನು ಅಂಗಾಲಿಗೂ ಹರಡಬಾರದು. ಭಾರ ಹೊರುವ ಎಡೆಯಲ್ಲಿ ಅಲಂಕಾರವು ಮುಳ್ಳಿಗೆ ಸಮಾನ. ಅಲ್ಲಿನ 32 ಕುಣಿಕೆಗಳು ನುಣುಪಾಗಿಯೇ ಇರಲಿ. ನೂಲಿನ ಬಾಲಗಳನ್ನೂ ಒಳಗೆ ಗಂಟುಹಾಕದೆ ಹೆಣಿಗೆಯಲ್ಲಿ ಅಡಗಿಸಬೇಕು.

ಪಾದದ ಉದ್ದಕ್ಕೆ ಸುಮಾರು 5 ಸೆಂಟಿಮೀಟರು ಉಳಿದಾಗ ಹಿಮ್ಮಡಿಗೆ ತೊಡಗುವುದು. ಅದಕ್ಕೆ ಮುನ್ನ ಮಗಳು ಅದನ್ನು ತಂದೆಯ ಕಾಲಿಗೆ ತೊಡಿಸಿ ನೋಡುತ್ತಾಳೆ. ಈ ಮಾರ್ಗದ ಹಿರಿಮೆಯೇ ಇದು: ಮೊದಲಿನಿಂದಲೂ ಧರಿಸುವವನ ಪಾದವೇ ಅಳತೆ. “ಹೇಗಿದೆ ಅಪ್ಪಾ?” ಎಂದರೆ, “ಬಹಳ ಚೆನ್ನಾಗಿದೆ ತಾಯಿ” ಎನ್ನುತ್ತಾನೆ ಆತ. ಆ ಮಾತು ಪ್ರೀತಿಯದು. ಪಾದದ ಸಾಕ್ಷಿ ಬೇರೆ. ಸ್ವಲ್ಪ ಹೊತ್ತು ಬಿಟ್ಟು, ಕಳಚಿ, ದೀಪದ ಬೆಳಕಿನಲ್ಲಿ ನೋಡಬೇಕು. ಚರ್ಮದ ಮೇಲೆ ಕೆಂಪು ಗೆರೆಯೊಂದು ಕಂಡಿತೋ, ಆ ಭಾಗವನ್ನು ಬಿಚ್ಚದೆ ಗತಿಯಿಲ್ಲ. ಎರಡು ಸಂಜೆಗಳ ಶ್ರಮವು ಕ್ಷಣದಲ್ಲಿ ಸುಕ್ಕುಸುಕ್ಕಾದ ನೂಲಾಗುವುದನ್ನು ಕಾಣುವುದು ಅನೇಕರಿಗೆ ಪ್ರಾಣಸಂಕಟ. ತಂದೆಯೇ ಚೆನ್ನಾಗಿದೆಯೆಂದ ಮೇಲೆ ಬಿಚ್ಚುವುದೇಕೆಂದು ಮನಸ್ಸು ವಾದಿಸುತ್ತದೆ. ಆಕೆ ಬಿಚ್ಚುತ್ತಾಳೆ; 4 ಕುಣಿಕೆಗಳನ್ನು ಹೆಚ್ಚಿಸಿ ಮತ್ತೆ ಹೆಣೆಯುತ್ತಾಳೆ.

ಹಿಮ್ಮಡಿಯ ಬಳಿಕ ಚೌಕಗಳು ಕಾಲಿನ ಸುತ್ತಲೂ ಹಬ್ಬಬಹುದು, ನೂಲಿರುವಷ್ಟು ಎತ್ತರಕ್ಕೆ. ನೂಲು 100 ಗ್ರಾಮಿದ್ದರೆ ಮೊದಲೇ ತೂಗಿ ಸಮಭಾಗ ಮಾಡಿಡುವುದು ಲೇಸು. ಇಲ್ಲವಾದರೆ ಒಂದು ಮೊಣಕಾಲಿಗೆ ಏರಿ, ಇನ್ನೊಂದು ಕಣಕಾಲಿನಲ್ಲಿಯೇ ನಿಂತೀತು!

ಕೊನೆಯ ಸುತ್ತನ್ನು ಮುಚ್ಚುವಾಗ ಕೈ ಸಡಿಲವಿರಬೇಕು. ಬಿಗಿಯಾದರೆ ಚೀಲವು ಹಿಮ್ಮಡಿಯನ್ನೇ ದಾಟದು. ದಾಟಿದರೂ ಕಾಲನ್ನು ಹಿಂಡುತ್ತದೆ. ಮಗಳು ಆ ಒಂದು ಸುತ್ತನ್ನು ಬಿಚ್ಚಿ, ದಪ್ಪ ಕಡ್ಡಿಯಿಂದ ಮತ್ತೆ ಮುಚ್ಚಿ, ತಂದೆಗೆ ತೊಡಿಸಿ, ಕಳಚಿ ನೋಡಿದಳು. ಗೆರೆಯಿರಲಿಲ್ಲ. ಉಳಿದ 50 ಗ್ರಾಮಿನ ಉಂಡೆಯನ್ನು ಮಡಿಲಿಗಿಟ್ಟುಕೊಂಡು ಮತ್ತೆ 20 ಕುಣಿಕೆಗಳನ್ನು ಎಣಿಸತೊಡಗಿದಳು.