ಸೋತವನು ಏನನ್ನು ಒತ್ತೆ ಇಡಬಹುದು?

ಶುಕ್ರವಾರ ಬಂತೆಂದರೆ ಸಾಲ್ಮಿಯಾದ ನಮ್ಮ ಫ್ಲ್ಯಾಟಿನ ಊಟದ ಮೇಜು ನಮ್ಮ ಕೈತಪ್ಪಿ ಹೋಗುತ್ತದೆ. ಒಂಬತ್ತನೇ ತರಗತಿಯ ನಮ್ಮ ಮಗ ಮತ್ತು ಅವನ ನಾಲ್ವರು ಜೊತೆಗಾರರು ಅದನ್ನು ವಶಪಡಿಸಿಕೊಂಡು, ಮಧ್ಯಾಹ್ನದಿಂದ ರಾತ್ರಿಯವರೆಗೆ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟದಲ್ಲಿ ಮುಳುಗಿಬಿಡುತ್ತಾರೆ. ನಮ್ಮ ಪಾಲಿಗೆ ಉಳಿಯುವುದು ಸೋಫಾ ಮತ್ತು ಮಕ್ಕಳಿಗೆ ಗೋಳಿಬಜೆ ಕರಿದುಕೊಡುವ ಕೆಲಸ ಮಾತ್ರ. ಸಂಘದ ಅನೇಕ ಮನೆಗಳಲ್ಲಿ ಈಗ ಈ ಆಟ ಕಾಲಿಟ್ಟಿದೆ ಎಂದು ಕೇಳಿದ್ದೇನೆ. ಆದ್ದರಿಂದ ಈಚೆಗೆ ನಮ್ಮಲ್ಲಿ ನಡೆದ ಒಂದು ಸಣ್ಣ ಪ್ರಸಂಗವನ್ನು ನಿಮ್ಮ ಮುಂದೆ ಇಡೋಣವೆನಿಸಿತು.

ಆಟ ಗೊತ್ತಿಲ್ಲದವರಿಗಾಗಿ ಎರಡು ಮಾತು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ಇದನ್ನು ಹೊರತಂದರು. ಒಬ್ಬೊಬ್ಬರೂ ಒಂದೊಂದು ಪಾತ್ರ ವಹಿಸುತ್ತಾರೆ: ಒಬ್ಬ ಕತ್ತಿವೀರ, ಒಬ್ಬ ಬಿಲ್ಲುಗಾರ, ಒಬ್ಬ ಮಂತ್ರವಾದಿ, ಹೀಗೆ. ಒಬ್ಬ ಮಾತ್ರ ಪಾತ್ರ ವಹಿಸದೆ ಇಡೀ ಕಥೆಯನ್ನು ನಡೆಸುತ್ತಾನೆ. ಕಾಡು, ಕೋಟೆ, ರಾಕ್ಷಸ, ಖಳನಾಯಕ, ಎಲ್ಲದರ ಬಾಯಿಯೂ ಅವನದೇ. ಅವನಿಗೆ ಡಂಜನ್ ಮಾಸ್ಟರ್ ಎನ್ನುತ್ತಾರೆ. ನಮ್ಮನೆಯಲ್ಲಿ ಆ ಪಟ್ಟ ನಮ್ಮ ಮಗನದು. ವೇಷವಿಲ್ಲ, ಕುಣಿತವಿಲ್ಲ, ಕುಳಿತಲ್ಲೇ ಮಾತು. ಕರಾವಳಿಯವರಿಗೆ ಒಂದೇ ವಾಕ್ಯದಲ್ಲಿ ಹೇಳಬೇಕಾದರೆ, ಇದು ತಾಳವೂ ಇಲ್ಲದ ಮದ್ದಳೆಯೂ ಇಲ್ಲದ ತಾಳಮದ್ದಳೆ! ವ್ಯತ್ಯಾಸ ಇಷ್ಟೇ: ತಾಳಮದ್ದಳೆಯಲ್ಲಿ ಕೊನೆಗೆ ಯಾರು ಸೋಲಬೇಕೆಂಬುದನ್ನು ಪ್ರಸಂಗವೇ ಹೇಳಿರುತ್ತದೆ, ಇಲ್ಲಿ ಇಪ್ಪತ್ತು ಮುಖದ ಒಂದು ದಾಳ ಹೇಳುತ್ತದೆ.

ಆ ಶುಕ್ರವಾರ ದಾಳ ಮಕ್ಕಳ ಮಾತು ಕೇಳಲಿಲ್ಲ. ಮಂಜಿನ ರಾಣಿ ಎಂಬ ಮಾಟಗಾತಿಯ ಕೋಟೆಯಲ್ಲಿ ನಾಲ್ಕು ಪಾತ್ರಗಳೂ ನೆಲಕ್ಕುರುಳಿದವು. ಈ ಆಟದಲ್ಲಿ ಉರುಳಿದವನು ಕೂಡಲೇ ಸಾಯುವುದಿಲ್ಲ. 2014ರ ಆವೃತ್ತಿಯ ನಿಯಮದಂತೆ, ಬಿದ್ದವನು ತನ್ನ ಸರದಿ ಬಂದಾಗಲೆಲ್ಲ ದಾಳ ಉರುಳಿಸಬೇಕು; ಹತ್ತು ಅಥವಾ ಹೆಚ್ಚು ಬಿದ್ದರೆ ಒಂದು ಗೆಲುವು, ಕಡಿಮೆಯಾದರೆ ಒಂದು ಸೋಲು. ಮೂರು ಗೆಲುವು ಮೊದಲು ಬಂದರೆ ಜೀವ ಉಳಿಯಿತು, ಮೂರು ಸೋಲು ಮೊದಲು ಬಂದರೆ ಕಥೆ ಮುಗಿಯಿತು. ಇನ್ನೂ ಒಂದು ದಾರಿ ಇದೆ. ಕೈಗೆ ಸಿಕ್ಕವನನ್ನು ಕೊಲ್ಲದೆ ಮೂರ್ಛೆಗೊಳಿಸಿ ಸೆರೆಹಿಡಿಯಬಹುದು. ಮಗ ಆ ದಾರಿ ಹಿಡಿದ. ನಾಲ್ವರೂ ಸಂಕೋಲೆಯಲ್ಲಿ ಕಣ್ಣು ತೆರೆದಾಗ ರಾಣಿ ಎದುರು ಕುಳಿತಿದ್ದಳು. ಅವಳ ಷರತ್ತು ಒಂದೇ: “ನಿಮ್ಮಲ್ಲಿ ಒಬ್ಬರನ್ನು ನನ್ನಲ್ಲಿ ಬಿಟ್ಟುಹೋಗಿ. ಉಳಿದ ಮೂವರು ಹೊರಡಬಹುದು.”

ಮೂವರು ಹುಡುಗರು ತಲೆಗೆ ತಲೆ ತಾಗಿಸಿ ಅರ್ಧ ನಿಮಿಷ ಪಿಸುಗುಟ್ಟಿದರು. ಆಮೇಲೆ ಕೆಳಗಿನ ಮಹಡಿಯಿಂದ ಆಡಲು ಬರುವ ಪುಟ್ಟ ಹುಡುಗಿಯ ಪಾತ್ರವನ್ನು ತೋರಿಸಿ, “ಇವಳನ್ನು ಇಟ್ಟುಕೊ” ಎಂದುಬಿಟ್ಟರು. ಅವಳು ಎಲ್ಲರಿಗಿಂತ ಚಿಕ್ಕವಳು, ಆಟಕ್ಕೆ ಸೇರಿ ಬರೀ ಎರಡು ವಾರ ಆಗಿತ್ತು. ಅವಳ ಪಾತ್ರವೂ ಒಂದು ಗೇಣುದ್ದದ ಕಳ್ಳಿಯದು. ಹುಡುಗಿ ಸ್ವಲ್ಪ ಹೊತ್ತು ತನ್ನ ಕಾಗದವನ್ನೇ ನೋಡುತ್ತ ಕುಳಿತು, ಎದ್ದು, ಚಪ್ಪಲಿಯನ್ನೂ ಹಾಕಿಕೊಳ್ಳದೆ ಅಳುತ್ತ ಮೆಟ್ಟಿಲಿಳಿದು ಹೋದಳು.

ನಾನು ತಂದೆಯಾದವನು ಮಾಡುವ ಕೆಲಸವನ್ನೇ ಮಾಡಿದೆ. “ಆ ದಾಳ ಲೆಕ್ಕಕ್ಕಿಲ್ಲ ಅಂತ ಹೇಳು, ಮೊದಲಿಂದ ಆಡಿ” ಎಂದು ಮಗನಿಗೆ ಗದರಿದೆ. ಅವನು ನಿಧಾನವಾಗಿ ಹೇಳಿದ, “ಅಪ್ಪ, ಒಂದು ಸಲ ಹಾಗೆ ಮಾಡಿದ್ರೆ ಮುಂದೆ ಯಾರೂ ಯಾವುದಕ್ಕೂ ಹೆದರೋದಿಲ್ಲ. ಆಮೇಲೆ ಗೆದ್ದರೂ ಅದು ಗೆದ್ದ ಹಾಗಲ್ಲ.” ಮಾತು ಸರಿ ಎನಿಸಿತು. ಆದರೆ ಹಾಗೆಂದು ಒಪ್ಪಿಕೊಳ್ಳಲು ಅಪ್ಪಂದಿರಿಗೆ ಕನಿಷ್ಠ ಒಂದು ರಾತ್ರಿಯಾದರೂ ಬೇಕು.

ಆ ರಾತ್ರಿ ನೆನಪಿಗೆ ಬಂದವನು ಧೃತರಾಷ್ಟ್ರ. ಆಟದಲ್ಲಿ ನಡೆದ ಸೋಲನ್ನು ‘ಲೆಕ್ಕಕ್ಕಿಲ್ಲ’ ಎಂದ ಮೊದಲ ತಂದೆ ಅವನೇ ತಾನೆ? ದ್ಯೂತಸಭೆಯಲ್ಲಿ ಅಪಶಕುನಗಳಾದಾಗ ಹೆದರಿ ದ್ರೌಪದಿಗೆ ವರ ಕೊಟ್ಟ, ಧರ್ಮರಾಯ ಸೋತದ್ದನ್ನೆಲ್ಲ ಹಿಂದಿರುಗಿಸಿದ. ಫಲವೇನಾಯಿತು? ಸೋತವರೂ ಕಲಿಯಲಿಲ್ಲ, ಗೆದ್ದವರೂ ಬಿಡಲಿಲ್ಲ. ಪಾಂಡವರು ಇನ್ನೂ ದಾರಿಯಲ್ಲಿರುವಾಗಲೇ ಮತ್ತೆ ಕರೆ ಬಂತು. ಅನುದ್ಯೂತ ನಡೆಯಿತು, 12 ವರ್ಷ ವನವಾಸ, 1 ವರ್ಷ ಅಜ್ಞಾತವಾಸ. ಅಳಿಸಿಹಾಕಿದ ಸೋಲು ಇನ್ನೊಂದು ಬಾಗಿಲಿನಿಂದ ಒಳಗೆ ಬಂತು. ಆದರೆ ಈ ಎರಡನೆಯ ಸೋಲಿಗೆ ಒಂದು ಅವಧಿಯಿತ್ತು, ಕರಾರಿತ್ತು, ಹೊರಬರುವ ದಾರಿಯಿತ್ತು. ವನಪರ್ವ, ವಿರಾಟಪರ್ವಗಳೆಲ್ಲ ಹುಟ್ಟಿದ್ದು ಅದರಿಂದಲೇ. ಆದ್ದರಿಂದ ಸೋತವರನ್ನು ಸೆರೆಹಿಡಿದು ಷರತ್ತು ಮುಂದಿಟ್ಟ ನಮ್ಮ ಮಗ ತಪ್ಪು ಮಾಡಲಿಲ್ಲ. ಖಳನೊಡನೆ ಚೌಕಾಸಿಗೆ ಕುಳಿತದ್ದೇ ತಪ್ಪು ಎನ್ನುವ ಹಾಗೂ ಇಲ್ಲ. ತಪ್ಪು ಬೇರೆ ಕಡೆ ಇದೆ.

ಧರ್ಮರಾಯ ಪಣವಿಟ್ಟ ಕ್ರಮವನ್ನು ಒಮ್ಮೆ ನೆನಪಿಸಿಕೊಳ್ಳಿ. ಐಶ್ವರ್ಯ, ರಾಜ್ಯ ಮುಗಿದ ಮೇಲೆ ಮೊದಲು ನಕುಲ, ಆಮೇಲೆ ಸಹದೇವ. ಇಬ್ಬರೂ ಮಾದ್ರಿಯ ಮಕ್ಕಳು, ಕಿರಿಯರು. ವ್ಯಾಸಭಾರತದಲ್ಲಿ ಶಕುನಿ ಇದನ್ನೇ ಹಿಡಿದು ಚುಚ್ಚುತ್ತಾನೆ: ಮಾದ್ರಿಯ ಮಕ್ಕಳನ್ನು ಸೋತೆ, ಭೀಮಾರ್ಜುನರು ನಿನಗೆ ಅವರಿಗಿಂತ ಹೆಚ್ಚಲ್ಲವೇ ಎಂದು. ಖಳನ ಬಾಯಿಂದ ಬಂದರೂ ಮಾತಿನಲ್ಲಿ ಸತ್ಯವಿತ್ತು. ನಮ್ಮ ಮೇಜಿನಲ್ಲಿ ಮೂವರು ಹುಡುಗರು ಮಾಡಿದ್ದೂ ಇದನ್ನೇ. ಯಾರು ಹೊಸಬರೋ, ಯಾರು ಚಿಕ್ಕವರೋ, ಯಾರು ಎದುರು ಮಾತಾಡುವುದಿಲ್ಲವೋ ಅವರನ್ನು ಮೊದಲು ಮುಂದೆ ತಳ್ಳುವುದು. ಕಚೇರಿಗಳಲ್ಲಿ ಕೆಲಸಗಾರರನ್ನು ಕಡಿಮೆ ಮಾಡುವಾಗಲೂ ಪಟ್ಟಿ ಹೀಗೆಯೇ ತಯಾರಾಗುತ್ತದೆ ಎಂಬುದನ್ನು ಕೊಲ್ಲಿಯಲ್ಲಿ ದುಡಿಯುವ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ತಮ್ಮಂದಿರು ಮುಗಿದ ಮೇಲೆ ಧರ್ಮರಾಯ ತನ್ನನ್ನು ಸೋತ, ಅನಂತರ ದ್ರೌಪದಿಯನ್ನು. ಅವಳು ಕರೆಯಲು ಬಂದವನ ಮೂಲಕ ಸಭೆಗೆ ಕೇಳಿ ಕಳಿಸಿದ ಪ್ರಶ್ನೆ ಪ್ರಸಿದ್ಧವೇ ಆಗಿದೆ. ಅವನು ಮೊದಲು ಸೋತದ್ದು ತನ್ನನ್ನೋ, ನನ್ನನ್ನೋ? ಭೀಷ್ಮರಂಥವರೂ ಧರ್ಮ ಸೂಕ್ಷ್ಮವೆಂದು ತಡವರಿಸಿದರು. ಕೌರವರಲ್ಲೇ ಒಬ್ಬ, ವಿಕರ್ಣ, ಅವಳ ಪರ ನಿಂತ. ನನಗೆ ಕಾಣುವಂತೆ ಇದು ಕಾನೂನಿನ ತಕರಾರು ಮಾತ್ರವಲ್ಲ. ಸೋತವನ ಕೈಯಲ್ಲಿ ಏನೇನು ಉಳಿದಿರುತ್ತದೆ, ಅದರಲ್ಲಿ ಅವನದು ಎಷ್ಟು ಎನ್ನುವ ಪ್ರಶ್ನೆ. ಸೋಲಿನ ಗಳಿಗೆಯಲ್ಲಿ ಮನುಷ್ಯನಿಗೆ ಪಕ್ಕದಲ್ಲಿ ನಿಂತವರೂ ತನ್ನ ಸೊತ್ತಿನಂತೆಯೇ ಕಾಣತೊಡಗುತ್ತಾರೆ.

ಇದಕ್ಕೆ ಎದುರು ನಿಲ್ಲುವ ಕಥೆಯನ್ನು ನಾವೆಲ್ಲ ಒಂದನೇ ಕ್ಲಾಸಿಗೆ ಹೋಗುವ ಮೊದಲೇ ಕೇಳಿದ್ದೇವೆ. ಪುಣ್ಯಕೋಟಿಯೂ ಸೋತವಳೇ. ಹುಲಿಯ ಬಾಯಿಗೆ ಸಿಕ್ಕಾಗಿದೆ, ಓಡುವ ದಾರಿಯಿಲ್ಲ, ಹೋರಾಡುವ ಶಕ್ತಿಯಿಲ್ಲ. ಆದರೂ ಅವಳು ಚೌಕಾಸಿಗೆ ಇಳಿಯುತ್ತಾಳೆ! ಕರುವಿಗೆ ಹಾಲೂಡಿಸಿ ಬರುವಷ್ಟು ಸಮಯ ಕೊಡು ಎನ್ನುತ್ತಾಳೆ. ಒತ್ತೆಯೇನು? ತನ್ನ ಮಾತು, ತನ್ನ ಮೈ. ಮಂದೆಯ ಇನ್ನೊಂದು ಹಸುವನ್ನು ಕಳಿಸುತ್ತೇನೆ ಎನ್ನಲಿಲ್ಲ. ಬಂದಾಗಲೂ ಕರುವನ್ನು ಒಪ್ಪಿಸಿ ತಾನು ಬಂದಳು. ಇದನ್ನು ಬರೀ ಸತ್ಯದ ಕಥೆಯೆಂದು ಹೇಳಿಕೊಡುತ್ತೇವೆ, ಸರಿಯೇ. ಆದರೆ ಸತ್ಯದಷ್ಟೇ ದೊಡ್ಡದು, ಅವಳು ಪಣಕ್ಕಿಟ್ಟದ್ದು ತನ್ನದನ್ನೇ ಎಂಬುದು.

ಹುಲಿಯ ಕಡೆಯಿಂದಲೂ ಒಂದು ಮಾತು ಹೇಳಬೇಕು, ಏಕೆಂದರೆ ನಮ್ಮ ಮಗ ಹುಲಿಯ ಕಡೆಯವನು. ಅರ್ಬುತ ಹಸಿದಿದ್ದ, ಅದು ನಿಜವಾದ ಹಸಿವು. ಆದ್ದರಿಂದಲೇ ಅವನು ಒಪ್ಪಿದ್ದಕ್ಕೆ ಬೆಲೆ ಬಂತು. ಖಳನ ಬಾಯಿ ಹಿಡಿದವನು ಅವನಿಗೆ ನಿಜವಾದ ಬಯಕೆಯನ್ನೂ ನಿಜವಾದ ವಾದವನ್ನೂ ಕೊಡಬೇಕು. ಕಾಸರಗೋಡಿನ ಕಡೆಯ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿ, ರಾವಣ, ಮಾಗಧರಂಥ ಪಾತ್ರಗಳಿಗೆ ಅರ್ಥ ಹೇಳಿದರೆ ಎದುರಿನ ರಾಮ, ಕೃಷ್ಣರು ಬೆವರುತ್ತಿದ್ದರು ಎಂದು ನಮ್ಮ ಹಿರಿಯರು ಈಗಲೂ ಹೇಳುವುದುಂಟು. ‘ವಾಲಿವಧೆ’ಯನ್ನೇ ತೆಗೆದುಕೊಳ್ಳಿ. ಬಾಣ ತಾಗಿಯಾಗಿದೆ, ವಾಲಿ ಸಾಯಲೇಬೇಕು. ಅದು ಎಲ್ಲರಿಗೂ ಗೊತ್ತು. ಆದರೂ ಮರೆಯಲ್ಲಿ ನಿಂತು ಹೊಡೆದೆಯಲ್ಲ ಎಂದು ಕೇಳುವ ಹಕ್ಕು ಅವನಿಗಿದೆ. ನನ್ನನ್ನು ಕೇಳಿದ್ದರೆ ಒಂದೇ ದಿನದಲ್ಲಿ ಸೀತೆಯನ್ನು ತಂದುಕೊಡುತ್ತಿದ್ದೆ ಎಂದು ವಾಲ್ಮೀಕಿಯ ವಾಲಿಯೂ ಹೇಳುತ್ತಾನೆ. ತಮ್ಮನ ಹೆಂಡತಿಯನ್ನು ಇಟ್ಟುಕೊಂಡವನು ನೀನು ಎಂಬ ರಾಮನ ಉತ್ತರ ಬರುತ್ತದೆ. ಒಳ್ಳೆಯ ಅರ್ಥಧಾರಿ ಇಷ್ಟನ್ನೂ ಹೇಳುತ್ತಾನೆ, ಭಾಗವತರು ಮುಂದಿನ ಪದ್ಯ ಎತ್ತಿದಾಗ ಸೋಲನ್ನೂ ಒಪ್ಪುತ್ತಾನೆ. (ಒಪ್ಪದೆ ಬೆಳಗಿನ ಜಾವದವರೆಗೆ ಎಳೆಯುವವರೂ ಇದ್ದಾರೆ, ಆ ಮಾತು ಇಲ್ಲಿ ಬೇಡ.) ಕೊನೆಗೆ ವಾಲಿ ಕೇಳುವುದೇನು? ತನ್ನ ಜೀವವನ್ನಲ್ಲ, ಮಗ ಅಂಗದನನ್ನು ನೋಡಿಕೊಳ್ಳಿ ಎಂದು. ಕೊರಳ ಚಿನ್ನದ ಮಾಲೆಯನ್ನು ತೆಗೆದು, ತನ್ನನ್ನು ಕೊಲ್ಲಿಸಿದ ಸುಗ್ರೀವನಿಗೇ ಕೊಡುತ್ತಾನೆ.

ಪುರಾಣದ ಮಾತು ಸಾಕು ಎನ್ನುವವರಿಗೆ ನಾವಿರುವ ಈ ನೆಲದ್ದೇ ಒಂದು ಉದಾಹರಣೆ ಇದೆ. 1990ರ ಆಗಸ್ಟ್ 2ರಂದು ಇರಾಕಿನ ಸೈನ್ಯ ಕುವೈತಿಗೆ ನುಗ್ಗಿತು. ಲಕ್ಷಕ್ಕೂ ಮಿಕ್ಕಿ ಭಾರತೀಯರು ಸಿಕ್ಕಿಬಿದ್ದರು. ಅವರಲ್ಲಿ ನಮ್ಮ ಊರುಗಳವರೂ ಇದ್ದರು. ಆಗ ವಿ.ಪಿ. ಸಿಂಗ್ ಸರ್ಕಾರದಲ್ಲಿ ವಿದೇಶಾಂಗ ಸಚಿವರಾಗಿದ್ದ ಇಂದರ್ ಕುಮಾರ್ ಗುಜ್ರಾಲ್ ಅದೇ ತಿಂಗಳು ಬಾಗ್ದಾದಿಗೆ ಹೋಗಿ ಸದ್ದಾಂ ಹುಸೇನರನ್ನು ಕಂಡರು. ಸದ್ದಾಂ ಅವರನ್ನು ಅಪ್ಪಿಕೊಂಡ ಚಿತ್ರ ಲೋಕದ ಪತ್ರಿಕೆಗಳಲ್ಲೆಲ್ಲ ಬಂತು. ಗುಜ್ರಾಲರ ಮೇಲೆ ಟೀಕೆಯ ಮಳೆಯೇ ಸುರಿಯಿತು. ಆಕ್ರಮಣಕಾರನನ್ನು ತಬ್ಬಿಕೊಂಡ ಮಂತ್ರಿ ಎಂಬ ಮಾತು ಅವರನ್ನು ವರ್ಷಗಟ್ಟಲೆ ಬಿಡಲಿಲ್ಲ. ಇತ್ತ ಭಾರತೀಯರಿಗೆ ಹೊರಡುವ ದಾರಿ ತೆರೆಯಿತು. ಮರಳುಗಾಡು ದಾಟಿ ಜೋರ್ಡಾನಿನ ಅಮ್ಮಾನ್ ತಲುಪಿದವರನ್ನು ಏರ್ ಇಂಡಿಯಾ ಸುಮಾರು ಎರಡು ತಿಂಗಳಲ್ಲಿ 488 ಹಾರಾಟಗಳಲ್ಲಿ ಊರಿಗೆ ಮುಟ್ಟಿಸಿತು; ಒಂದು ಲಕ್ಷಕ್ಕೂ ಹೆಚ್ಚು ಜನ.

ಅದು ಸರಿಯೋ ತಪ್ಪೋ ಎಂದು ಇಂದಿಗೂ ವಾದ ಮಾಡಬಹುದು. ಮನೆಮಠ ಕಳೆದುಕೊಂಡ ಕುವೈತಿಗಳ ಕಣ್ಣಿಗೆ ಆ ಚಿತ್ರ ಹೇಗೆ ಕಂಡಿರಬೇಕು ಎಂದು ಯೋಚಿಸಿದರೆ, ಇಲ್ಲಿಯ ಅನ್ನ ಉಣ್ಣುವ ನನಗೆ ಮುಜುಗರವಾಗುತ್ತದೆ. ಒಬ್ಬ ಮಂತ್ರಿಯ ಅಪ್ಪುಗೆಯಲ್ಲಿ ಅವನ ದೇಶದ ಮಾನವೂ ಸ್ವಲ್ಪ ಸೇರಿರುತ್ತದೆ, ಅದು ಪೂರ್ತಿ ಅವನ ಸ್ವಂತದ್ದಲ್ಲ. ಆದರೂ ಹೆಚ್ಚಿನ ಬೆಲೆ ಹೋದದ್ದು ಗುಜ್ರಾಲರ ಹೆಸರಿನಿಂದ, ಉಳಿದದ್ದು ಬೇರೆಯವರ ಜೀವ. ಖಳನ ಜೊತೆ ಮಾತಿಗೆ ಕೂರಲೇಬಾರದು ಎನ್ನುವವರು ಸಾಮಾನ್ಯವಾಗಿ ಆ ಹೊತ್ತಿಗೆ ಅಮ್ಮಾನಿನ ಡೇರೆಯಲ್ಲಿ ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತವರಾಗಿರುವುದಿಲ್ಲ.

ಇಷ್ಟನ್ನೂ ಮಗನಿಗೆ ಹೇಳಿದೆನೆಂದು ಭಾವಿಸಬೇಡಿ. ಹೇಳಿದ್ದರೆ ಅವನು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಳ್ಳುತ್ತಿದ್ದ. ಪುಣ್ಯಕೋಟಿಯ ವಿಷಯ ಮಾತ್ರ ಎತ್ತಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದ್ರೆ ನನ್ನ ರಾಣಿ ಕೇಳಿದ ರೀತಿಯೇ ಸರಿ ಇರಲಿಲ್ಲ, ಅಲ್ವಾ ಅಪ್ಪ? ಗುಂಪನ್ನು ಕೇಳಿದೆ. ಒಬ್ಬೊಬ್ಬರನ್ನೇ ಕೇಳಬೇಕಿತ್ತು” ಎಂದ. ನನಗೆ ಹೊಳೆಯದೇ ಇದ್ದದ್ದು ಅವನಿಗೆ ಹೊಳೆದಿತ್ತು.

ಆದರೆ ಹುಡುಗಿ ಬರಬೇಕಲ್ಲ? ಮೂವರು ಹುಡುಗರು ಸಂಜೆ ಕೆಳಗಿನ ಮಹಡಿಗೆ ಹೋದರು. ಏನು ಮಾತಾಯಿತೋ ತಿಳಿಯದು. ಬರುವಾಗ ಒಬ್ಬನ ಕೈಯಲ್ಲಿ ಅವಳ ಮನೆಯವರು ಕೊಟ್ಟ ಚಕ್ಕುಲಿ ಡಬ್ಬವಿತ್ತು.

ಮುಂದಿನ ಶುಕ್ರವಾರ ರಾಣಿ ಮತ್ತೆ ಎದುರು ಬಂದು ಕುಳಿತಳು. ಸೋಲು ಸೋಲಾಗಿಯೇ ಇತ್ತು, ಸಂಕೋಲೆ ಬಿಚ್ಚಿರಲಿಲ್ಲ. ಈ ಸಲ ಅವಳು ಒಬ್ಬೊಬ್ಬರ ಕಡೆಗೂ ತಿರುಗಿ, “ನಿನ್ನದೇ ಆದದ್ದು ಏನು ಕೊಡುತ್ತೀ?” ಎಂದಳು. ಕತ್ತಿವೀರ ಬಹಳ ಹೊತ್ತು ತನ್ನ ಕಾಗದ ನೋಡಿದ, ಏಳು ತಿಂಗಳಿಂದ ಗಳಿಸಿದ ಮಂತ್ರದ ಕತ್ತಿಯ ಹೆಸರನ್ನು ರಬ್ಬರಿನಿಂದ ಅಳಿಸಿದ. ಬಿಲ್ಲುಗಾರ ಏನನ್ನೂ ಕೊಡುವುದಿಲ್ಲ ಎಂದ; ಅದೂ ಒಂದು ಉತ್ತರವೇ, ಅವನು ಸೆರೆಯಲ್ಲೇ ಉಳಿದ. ಮಂತ್ರವಾದಿ ಒಂದು ಮಂತ್ರ ಮರೆತ.

ಹುಡುಗಿಯ ಸರದಿ ಬಂದಾಗ ನಾನು ಅಡುಗೆಮನೆಯಲ್ಲಿ ಒಲೆ ಸಣ್ಣ ಮಾಡಿ ಕಿವಿಗೊಟ್ಟಿದ್ದೆ. “ನಾನೇ ಉಳೀತೇನೆ” ಎಂದಳು. “ಆದರೆ ಒಂದು ವರ್ಷ ಅಷ್ಟೇ. ಮತ್ತೆ ಇವರು ಪ್ರತಿ ತಿಂಗಳು ನನ್ನನ್ನು ನೋಡಲಿಕ್ಕೆ ಬರಬೇಕು. ಒಂದು ತಿಂಗಳು ತಪ್ಪಿದರೂ ನಾನು ನಿನ್ನ ಕಡೆಗೆ.”

ಮಗ ತಬ್ಬಿಬ್ಬಾಗಿ ಪುಸ್ತಕದ ಹಾಳೆ ತಿರುವತೊಡಗಿದ. ಅದಕ್ಕೆ ನಿಯಮ ಅಲ್ಲಿ ಇರಲಿಲ್ಲ. ಹುಡುಗರು ಮೂವರೂ ತಮ್ಮ ಫೋನುಗಳನ್ನು ತೆಗೆದು, ಮುಂದಿನ ತಿಂಗಳ ಯಾವ ಶುಕ್ರವಾರ ಎಂದು ಗುರುತು ಹಾಕಿಕೊಳ್ಳುತ್ತಿದ್ದರು.